ಕಿವುಡರ ಹೆಸರು ಕೂಗುವ ಕಿಟಕಿಗೆ

ಹಾನಗಲ್
ಭಾದ್ರಪದ, ೧೯೮೩

ಶ್ರವಣಯಂತ್ರಗಳ ಜಿಲ್ಲಾ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ,

ನೀವು ಕಿವುಡರನ್ನು ಹೆಸರು ಹಿಡಿದು ಕೂಗಿ ಕರೆಯುತ್ತೀರಿ. ಅದೂ ಅವರ ಕಿವಿಯ ಮಷೀನನ್ನು ಮೊದಲು ಇಸಿದುಕೊಂಡು ಒಳಗಿಟ್ಟು, ಆಮೇಲೆ ಕೂಗುತ್ತೀರಿ. ಓಗೊಡದವರು ಬಂದೇ ಇಲ್ಲ ಎಂದು ಬರೆಯುತ್ತೀರಿ. ಓಗೊಟ್ಟವರ ಕಿವಿ ಚೆನ್ನಾಗಿದೆ, ಮಷೀನು ಬೇಕಿಲ್ಲ ಎಂದು ಬರೆಯುತ್ತೀರಿ. ಈ ನಿಮ್ಮ ಪರೀಕ್ಷೆಯಲ್ಲಿ ಪಾಸಾದ ತಪ್ಪಿಗೆ ನನ್ನ ಹೆಂಡತಿ ಶಿವಬಸವ್ವನ ಮಷೀನು ಆಷಾಢದಿಂದ ನಿಮ್ಮ ಕಪಾಟಿನಲ್ಲಿ ಬಿದ್ದಿದೆ. ಅದನ್ನು ವಾಪಸು ಕೇಳುವುದಕ್ಕೆ ಈ ಪತ್ರ. ಇದನ್ನು ಪತ್ರಿಕೆಯಲ್ಲಿ ಯಾಕೆ ಅಚ್ಚು ಹಾಕಿಸಿದೆ ಎಂದು ನೀವು ಹುಬ್ಬು ಗಂಟಿಕ್ಕಬಹುದು. ಮುಚ್ಚಿದ ಲಕೋಟೆಯಲ್ಲಿ ಕಳಿಸಿದ ಅರ್ಜಿಗಳೆಲ್ಲ ನಿಮ್ಮ ಕಚೇರಿಗೆ ಸುಖವಾಗಿ ತಲುಪಿ ಅಲ್ಲೇ ಮಲಗಿವೆ. ಇದಾದರೂ ನಾಲ್ಕು ಜನ ನೋಡುವ ಜಾಗದಲ್ಲಿ ಎದ್ದು ಕೂತಿರಲಿ ಎಂದು ನನ್ನ ಆಸೆ.

ನಾನು ಯಾರು ಎಂಬುದು ನಿಮಗೆ ಬೇಕಿಲ್ಲದಿದ್ದರೂ ಹೇಳುತ್ತೇನೆ. ಹಾನಗಲ್ ಪೇಟೆಯ ದಲಾಲಿ ಅಂಗಡಿಗಳ ಮುಂದೆ ಭತ್ತದ ರಾಶಿಗೂ ಅಡಿಕೆ ಚೀಲಕ್ಕೂ ಲಿಲಾವಿನ ಸವಾಲು ಕೂಗುವವನು ನಾನು. ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರನಾಗಬೇಕೆಂದಿದ್ದವನನ್ನು ಈ ಗಂಟಲು ಪೇಟೆಗೆ ಎಳೆದು ತಂದಿತು. ರಾಶಿಯ ಪಕ್ಕ ನಿಂತು ನಾನು ‘ಒಂದ್ ಸಲ’ ಅಂದರೆ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವವರು ತಿರುಗಿ ನೋಡುತ್ತಾರೆ. ಆದ್ದರಿಂದ ಕೂಗುವ ವಿಷಯದಲ್ಲಿ ನಿಮಗಿಂತ ನನಗೆ ಸ್ವಲ್ಪ ಹೆಚ್ಚು ಅನುಭವವಿದೆ ಎಂದರೆ ಸಿಟ್ಟಾಗಬೇಡಿ. ಸವಾಲು ಕೂಗುವವನು ಕಣ್ಣು ಮುಚ್ಚಿ ಕೂಗುವುದಿಲ್ಲ. ಎದುರಿಗೆ ನಿಂತವರ ಮುಖ ನೋಡುತ್ತ ಕೂಗುತ್ತಾನೆ. ಒಬ್ಬ ಗದ್ದ ತುರಿಸಿಕೊಳ್ಳುತ್ತಾನೆ, ಒಬ್ಬ ಟವೆಲ್ಲು ಕೊಡವುತ್ತಾನೆ, ಅದನ್ನೆಲ್ಲ ಕಂಡು, ಎಲ್ಲರಿಗೂ ಮುಟ್ಟಿತು ಎಂದು ಖಾತ್ರಿಯಾದ ಮೇಲೆಯೇ ಮೂರನೆಯ ಸಲ ಬಾಯಿ ಬಿಡುತ್ತಾನೆ. ಯಾಕೆಂದರೆ ಮೂರನೆಯ ಸಲ ಕೂಗಿದ ಮೇಲೆ ಮಾಲು ಹೋಯಿತು, ತಿರುಗಿ ಬರುವುದಿಲ್ಲ. ನಿಮ್ಮಲ್ಲಿಯೂ ಮೂರು ಸಲ ಕೂಗುವ ಪದ್ಧತಿ ಇದೆ. ಮುಖ ನೋಡುವ ಪದ್ಧತಿ ಮಾತ್ರ ಇಲ್ಲ.

ನನ್ನ ಹೆಂಡತಿ ಹುಟ್ಟುಗಿವುಡಿಯಲ್ಲ. ಮದುವೆಯಾದ ಹೊಸದರಲ್ಲಿ ಹಿತ್ತಲ ಬಾಗಿಲಲ್ಲಿ ಬೆಕ್ಕು ನಡೆದರೂ ಅವಳಿಗೆ ಕೇಳಿಸುತ್ತಿತ್ತು. ಎಪ್ಪತ್ತೆರಡರ ಸುಮಾರಿಗೆ ಅವಳಿಗೆ ಕ್ಷಯ ಅಂಟಿತು. ಸರಕಾರ ಪುಕ್ಕಟೆ ಸೂಜಿ ಚುಚ್ಚಿಸಿತು, ಕ್ಷಯ ಹೋಯಿತು, ಅದರ ಜೊತೆಗೇ ಕಿವಿಯೂ ಹೋಯಿತು. ಆ ಔಷಧಿ ಕೆಲವರಿಗೆ ಹಾಗೆ ಮಾಡುತ್ತದಂತೆ. ಜೀವ ಉಳಿಸಿದ ಸರಕಾರದ ಮೇಲೆ ಕಿವಿಯ ತಂಟೆ ಹೂಡುವಷ್ಟು ಕೃತಘ್ನ ನಾನಲ್ಲ. ಆದರೆ ಅವಳ ಕಿವಿ ಯಾವ ಖಾತೆಗೆ ಜಮೆಯಾಗಿದೆ ಎಂಬುದು ನಿಮಗೂ ತಿಳಿದಿರಲಿ ಎಂದು ಬರೆದೆ. ‘ನಾವು ದಾನವಾಗಿ ಕೊಟ್ಟ ಯಂತ್ರ’ ಎಂದು ನೀವು ಮಾತುಮಾತಿಗೆ ಹೇಳುವಾಗ ಇದು ನೆನಪಿಗೆ ಬರಲಿ.

ಆ ನಂತರದ ವರ್ಷಗಳಲ್ಲಿ ನಮ್ಮ ಮನೆ ಹೇಗಿತ್ತೆಂದರೆ, ಇಡೀ ಪೇಟೆಗೆ ಕೇಳಿಸುವ ದನಿಯವನು ಮನೆಗೆ ಬಂದು ಮೂಕನಾಗುತ್ತಿದ್ದ. ಮೊದಮೊದಲು ನಾನು ಕೂಗಾಡಿ ನೋಡಿದೆ. ಅವಳಿಗೆ ಕೇಳಿಸಲಿಲ್ಲ, ಓಣಿಯವರಿಗೆ ಮಾತ್ರ ನಮ್ಮ ಮನೆಯ ಸಾರಿನಲ್ಲಿ ಉಪ್ಪು ಕಡಿಮೆಯಾದದ್ದು ಗೊತ್ತಾಯಿತು. ಆಮೇಲೆ ಕೈಸನ್ನೆಗೆ ಇಳಿದೆವು. ಕೈಸನ್ನೆಯಲ್ಲಿ ಊಟ ಕೇಳಬಹುದು, ನೀರು ಕೇಳಬಹುದು. ಜಗಳವಾಡಲಿಕ್ಕೆ ಬರುವುದಿಲ್ಲ. ಜಗಳವಿಲ್ಲದ ಸಂಸಾರ ಎಂದು ಕೇಳಿದವರು ಹೊಟ್ಟೆಕಿಚ್ಚು ಪಟ್ಟರು. ಅದೆಂಥ ಉಪ್ಪಿಲ್ಲದ ಬಾಳು ಎಂಬುದು ನಮಗಿಬ್ಬರಿಗೇ ಗೊತ್ತು.

ಎಂಬತ್ತೊಂದರಲ್ಲಿ ಅಂಗವಿಕಲರ ವರ್ಷ ಬಂತು. ಶಿಗ್ಗಾವಿಯಲ್ಲಿ ಶಿಬಿರವಾಯಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕಿನ ಕಿವುಡರು ಬಂದರು. ಮಂತ್ರಿಗಳ ಭಾಷಣವೂ ಆಯಿತು. ಸಭೆಯಲ್ಲಿದ್ದವರಿಗೆ ಅದು ಕೇಳಿಸುವಂತಿರಲಿಲ್ಲವಾದ್ದರಿಂದ ಅಷ್ಟು ಶಾಂತವಾದ ಸಭೆಯನ್ನು ಅವರು ಮತ್ತೆಲ್ಲೂ ಕಂಡಿರಲಾರರು. ಆ ಜನಜಂಗುಳಿಯ ನಡುವೆ ಚಿಕ್ಕ ವಯಸ್ಸಿನ ಒಬ್ಬ ತಜ್ಞೆ ಇದ್ದರು. ಜನ ಅವರನ್ನು ಡಾಕ್ಟರಬಾಯಿ ಎಂದೇ ಕರೆದರು. ಅವರು ಒಬ್ಬೊಬ್ಬರ ಕಿವಿಗೂ ಮೇಣದಂಥ ಮೆತ್ತನೆಯ ಹಿಟ್ಟು ತುಂಬಿ ಅಚ್ಚು ತೆಗೆದರು. ಆ ಅಚ್ಚಿಗೊಂದು ಗುಂಡಿ, ಗುಂಡಿಗೊಂದು ವಾಯರು, ವಾಯರಿನ ತುದಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ. ಡಬ್ಬಿಯ ಬೆನ್ನಿಗೆ ಎರಡು ಸಣ್ಣ ಸ್ಕ್ರೂ. ಒಂದನ್ನು ತಿರುಗಿಸಿದರೆ ದಪ್ಪ ದನಿ, ತೆಳು ದನಿ ಬೇರೆಯಾಗುತ್ತದೆ. ಇನ್ನೊಂದನ್ನು ತಿರುಗಿಸಿದರೆ ಸಿಡಿಲಿನಂಥ ಸದ್ದು ಕಿವಿಗೆ ಹೊಡೆಯದಂತೆ ತಡೆಯಾಗುತ್ತದೆ. ಡಾಕ್ಟರಬಾಯಿಯವರು ತಟ್ಟೆಗೆ ಚಮಚ ಬಡಿದು, ಹಾಳೆ ಮುದುಡಿ, ಬೆನ್ನ ಹಿಂದೆ ನಿಂತು ಮಾತಾಡಿ, ಪ್ರತಿಯೊಬ್ಬರ ಮುಖ ನೋಡುತ್ತ ಆ ಸ್ಕ್ರೂ ತಿರುಗಿಸುತ್ತಿದ್ದರು. ಗಮನಿಸಿ, ಅವರೂ ಮುಖ ನೋಡುತ್ತಿದ್ದರು.

ಶಿವಬಸವ್ವನ ಸ್ಕ್ರೂ ತಿರುಗಿಸಿ ಮುಗಿದ ಮೇಲೆ ಡಾಕ್ಟರಬಾಯಿಯವರು ನನಗೆ ಏನಾದರೂ ಮಾತಾಡಿ ಅಂದರು. ಸಾವಿರ ಜನರ ಮುಂದೆ ಕೂಗುವವನಿಗೆ ಆಗ ಮಾತೇ ಹೊಳೆಯಲಿಲ್ಲ. ‘ಬಸ್ಸಿನ ಹೊತ್ತಾತು, ಏಳು’ ಅಂದೆ. ಅವಳು ನನ್ನನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಆಮೇಲೆ ಕೇಳಿದಳು:

“ಇದೇನ್ರಿ, ನಿಮ್ಮ ದನಿ ಹಿಂಗ್ಯಾಕ ಒಡದೈತಿ?”

ಒಡೆದದ್ದು ನಿಜ. ಒಂಬತ್ತು ವರ್ಷ ಧೂಳಿನಲ್ಲಿ ನಿಂತು ಕೂಗಿದರೆ ಯಾರ ದನಿಯೂ ಒಡೆಯುತ್ತದೆ. ಅವಳ ನೆನಪಿನಲ್ಲಿ ಇದ್ದದ್ದು ನನ್ನ ಹಳೆಯ ದನಿ. ನನ್ನ ದನಿಗೆ ಮುಪ್ಪು ಬಂದದ್ದನ್ನು ನನಗೆ ಮೊದಲು ಹೇಳಿದವಳು ನನ್ನ ಕಿವುಡ ಹೆಂಡತಿ. ಅಂದು ಸಂಜೆ ಬಂಕಾಪುರದವರೆಗೆ ಬಸ್ಸಿನಲ್ಲಿ ನಾವಿಬ್ಬರೂ ಜಗಳವಾಡಿದೆವು, ಆ ದನಿಗೆ ಕಷಾಯ ಕುಡಿಯಬೇಕೋ ಬೇಡವೋ ಎಂದು. ನನಗೆ ಅಂಥ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಎಂದು ಹೇಳಲಿಕ್ಕೆ ನನಗೇನೂ ನಾಚಿಕೆಯಿಲ್ಲ.

ಇನ್ನು ನಿಮ್ಮ ಪ್ರವೇಶ.

ಡಾಕ್ಟರಬಾಯಿಯವರು ಶಿಬಿರದಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಮಷೀನು ಕೊಡುವುದು ಅರ್ಧ ಕೆಲಸ, ಇನ್ನರ್ಧ ಆಮೇಲೆ ಇದೆ. ಬಹಳ ದಿನ ಸುಮ್ಮನಿದ್ದ ಕಿವಿ ನಿಧಾನವಾಗಿ ಕಲಿಯುತ್ತದೆ, ಅದು ಕಲಿತಂತೆ ಮಷೀನನ್ನೂ ತಿದ್ದುತ್ತ ಹೋಗಬೇಕು, ಅಚ್ಚು ಸಡಿಲಾದರೆ ಹೊಸದು ಮಾಡಬೇಕು. ನಡುವೆ ಬಿಟ್ಟರೆ ಕಿವಿ ಕಲಿತದ್ದನ್ನು ಮರೆಯುತ್ತದೆ, ಮಾತು ಮತ್ತೆ ಬರೀ ಸಪ್ಪಳವಾಗುತ್ತದೆ ಎಂದೂ ಎಚ್ಚರಿಸಿದ್ದರು. ಅದಕ್ಕೆಂದೇ ಅವರು ಶಿಗ್ಗಾವಿಯ ಸಂತೆಯ ದಿನ ಆಗಾಗ ಬಂದು ಶಾಲೆಯ ಒಂದು ಕೋಣೆಯಲ್ಲಿ ಕೂಡುತ್ತಿದ್ದರು. ಜನ ಸಂತೆ ಮುಗಿಸಿ, ಕಿವಿ ತೋರಿಸಿ, ಕಾಯಿಪಲ್ಲೆಯ ಚೀಲ ಹೊತ್ತು ಊರಿಗೆ ಹೋಗುತ್ತಿದ್ದರು. ಇಷ್ಟು ಸರಳವಾಗಿ ನಡೆಯುವ ಕೆಲಸ ಸರಕಾರಿ ಕೆಲಸವಾಗುವುದು ಹೇಗೆ? ಮರುವರ್ಷ ಅವರಿಗೆ ವರ್ಗವಾಯಿತು. ವ್ಯವಸ್ಥೆಯನ್ನು ‘ಸುಗಮಗೊಳಿಸುವ’ ಸಲುವಾಗಿ ನಿಮ್ಮ ಕಚೇರಿ ಹುಟ್ಟಿತು.

ಸುಗಮ ಎಂದರೆ ಯಾರಿಗೆ ಎಂದು ನಾನು ಕೇಳಬಹುದೇ? ಹಿರೇಕೆರೂರು ತಾಲೂಕಿನ ಮೂಲೆಯಿಂದ ಜಿಲ್ಲಾ ಸ್ಥಳಕ್ಕೆ ಹೊರಟವನು ಕೋಳಿ ಕೂಗುವ ಮೊದಲೇ ಎದ್ದು ಬಸ್ಸು ಬದಲಿಸುತ್ತ ಬರಬೇಕು. ಸವಣೂರಿನವರು ಯಲವಿಗಿಗೆ ಬಂದು ರೈಲು ಕಾಯಬೇಕು. ಇವರೆಲ್ಲ ನಿಮ್ಮ ಮುಂದೆ ಹಾಜರಾಗಬೇಕಾದದ್ದು ತಿಂಗಳ ಮೊದಲ ಸೋಮವಾರ ಮಾತ್ರ. ಇಷ್ಟು ಜನ ನಡೆದರೂ ನಿಮ್ಮ ಸ್ಕ್ರೂಡ್ರೈವರು ಮಾತ್ರ ನಡೆಯಲಿಲ್ಲ. ಬೆರಳುದ್ದದ ಆ ಸಾಮಾನು ಜಿಲ್ಲಾ ಸ್ಥಳ ಬಿಟ್ಟು ಶಿಗ್ಗಾವಿಗೆ ಬರಲು ಯಾವ ಮುಹೂರ್ತ ಕೂಡಿಬರಬೇಕಿತ್ತು?

ಬರುವುದಿರಲಿ, ಅದು ಇದ್ದಲ್ಲಿಯೂ ಕೆಲಸಕ್ಕೆ ಬಾರದಂತೆ ನೀವು ಮಾಡಿದಿರಿ. ನಿಮ್ಮ ಮೊದಲ ಸುತ್ತೋಲೆಯೇ ಬಂಗಾರದ ಅಕ್ಷರದಲ್ಲಿ ಬರೆಸುವಂಥದ್ದು. ಏಕರೂಪತೆಯ ದೃಷ್ಟಿಯಿಂದ ಎಲ್ಲ ಯಂತ್ರಗಳನ್ನೂ ಮಧ್ಯಮ ಪ್ರಮಾಣದಲ್ಲಿ ಸ್ಥಿರಗೊಳಿಸತಕ್ಕದ್ದು, ಫಲಾನುಭವಿಗಳು ಕೈಯಾಡಿಸದಂತೆ ಸ್ಕ್ರೂಗಳ ಮೇಲೆ ಅರಗಿನ ಮುದ್ರೆ ಹಾಕತಕ್ಕದ್ದು. ನಮ್ಮ ಪೇಟೆಯಲ್ಲಿ ತೂಕದ ಕಲ್ಲುಗಳಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕುತ್ತಾರೆ. ಎಲ್ಲ ಅಂಗಡಿಯಲ್ಲೂ ಕಿಲೋ ಒಂದೇ ಇರಬೇಕು, ಅದು ನ್ಯಾಯ. ಆದರೆ ಕಿವಿ ತೂಕದ ಕಲ್ಲಲ್ಲ ಎಂದು ನಿಮಗೆ ಹೇಳಿಕೊಡುವವರು ಯಾರೂ ಸಿಗಲಿಲ್ಲವೇ? ಹಿರೇಕೆರೂರು ಕಡೆಯ ಪರಮೇಶಪ್ಪನೆಂಬ ಮುದುಕ ಇದ್ದಾನೆ, ಕಮ್ಮಾರಿಕೆ ಮಾಡಿ, ಸುತ್ತಿಗೆಯ ಪೆಟ್ಟಿಗೆ ಕಿವಿ ಬಲಿ ಕೊಟ್ಟವನು. ನಿಮ್ಮ ಮಧ್ಯಮ ಪ್ರಮಾಣ ಅವನಿಗೆ ಏನೇನೂ ಸಾಲದು. ಸವಣೂರಿನ ದಾವಲಬಿಗೆ ಒಂದು ಕಿವಿ ಬರಿದೇ ಇದ್ದಾಗಲೂ ಅಷ್ಟಿಷ್ಟು ಕೇಳಿಸುತ್ತದೆ. ಮುದ್ರೆ ಬಿದ್ದ ಮೇಲೆ ಬಸ್ಸು ಹಾರ್ನು ಹೊಡೆದರೆ ಆಕೆ ಮಷೀನು ಕಿತ್ತು ಕೈಯಲ್ಲಿ ಹಿಡಿದು ತಲೆ ಒತ್ತಿಕೊಳ್ಳುತ್ತಿದ್ದಳು. ನನ್ನ ಹೆಂಡತಿಗೆ ಪಾತ್ರೆಯ ಸದ್ದು ಡಬಡಬ ಕೇಳುತ್ತಿತ್ತು, ನನ್ನ ಮಾತು ಆ ಸದ್ದಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಮೂವರಿಗೆ ಮೂರು ಬಗೆಯ ಕಷ್ಟ, ಔಷಧಿ ಮಾತ್ರ ಒಂದೇ ಬಣ್ಣದ ಅರಗು. ಕತ್ತೆಗೂ ಕುದುರೆಗೂ ಒಂದೇ ಲಾಳ ಹೊಡೆಯುವವನನ್ನು ನಮ್ಮ ಪರಮೇಶಪ್ಪ ತನ್ನ ಕುಲುಮೆಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಅಚ್ಚಿನ ಕಥೆ ಇನ್ನೊಂದು. ಅದು ಸಡಿಲಾದರೆ ಮಷೀನು ಸಿಳ್ಳೆ ಹೊಡೆಯುತ್ತದೆ. ಶಿವಬಸವ್ವನದು ಹೊಡೆಯತೊಡಗಿ ಅರ್ಧ ವರ್ಷವಾದರೂ ಹೊಸ ಅಚ್ಚಿಗೆ ನಿಮ್ಮ ಮಂಜೂರಾತಿ ಬರಲಿಲ್ಲ. ಒಮ್ಮೆ ನಿಮ್ಮಲ್ಲಿಗೆ ಬರುವಾಗಲೇ ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದಿನ ಹೆಂಗಸರ ಸೀಟಿನಲ್ಲಿ ಕೂತಿದ್ದಳು. ಮಷೀನು ಸಿಳ್ಳೆ ಹಾಕಿತು. ಕಂಡಕ್ಟರ ಸೀಟಿ ಊದಿದನೆಂದು ಡ್ರೈವರ ಬ್ರೇಕು ಒತ್ತಿದ. ಇಳಿಯುವವರು ಯಾರು ಎಂದು ಕಂಡಕ್ಟರ ಕೇಳಿದ, ಯಾರೂ ಇಲ್ಲ. ಮತ್ತೆ ಹೊರಟರು, ಮತ್ತೆ ಸಿಳ್ಳೆ, ಮತ್ತೆ ಬ್ರೇಕು. ಡ್ರೈವರನಿಗೂ ಕಂಡಕ್ಟರನಿಗೂ ಕೈಕೈ ಮಿಲಾಯಿಸುವ ಹೊತ್ತಿಗೆ ನಾನು ಎದ್ದು ವಿಷಯ ಹೇಳಿದೆ. ಬಸ್ಸೆಲ್ಲ ನಕ್ಕಿತು. ಯಾಕೆ ನಗುತ್ತಿದ್ದಾರೆಂದು ಅವಳಿಗೆ ಕೇಳಿಸಲಿಲ್ಲ, ತನ್ನನ್ನು ನೋಡಿ ನಗುತ್ತಿದ್ದಾರೆ ಎಂಬುದು ಮಾತ್ರ ಕಂಡಿತು. ಅಂದಿನಿಂದ ಬಸ್ಸು ಹತ್ತುವಾಗ ಅವಳು ಮಷೀನು ಬಿಚ್ಚಿ ಚಂಚಿಯಲ್ಲಿಡತೊಡಗಿದಳು.

ಚಂಚಿ ಎಂದೊಡನೆ ನಿಮ್ಮ ಪ್ರಸಿದ್ಧ ಉಪನ್ಯಾಸ ನೆನಪಾಗುತ್ತದೆ. ಹೆಂಗಸರು ಮಷೀನನ್ನು ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಳ್ಳುತ್ತಾರೆ, ಸುಣ್ಣ ತಾಗಿ ಸೆಲ್ಲಿನ ತಗಡು ತುಕ್ಕು ಹಿಡಿಯುತ್ತದೆ, ಇಂಥ ಅನಾಗರಿಕರಿಗೆ ಯಂತ್ರ ಯಾಕೆ ಎಂದು ನೀವು ಎಲ್ಲರ ಮುಂದೆ ಅಂದಿರಿ. ಸುಣ್ಣ ತಾಗುವುದು ನಿಜ, ತಗಡು ಕೆಡುವುದೂ ನಿಜ. ಆದರೆ ನೀವು ಕೊಟ್ಟ ಡಬ್ಬಿಯ ಬೆನ್ನಿಗಿದ್ದ ಕ್ಲಿಪ್ಪು ಅಂಗಿಯ ಜೇಬಿಗೆ ಸಿಕ್ಕಿಸುವಂಥದ್ದು. ನಮ್ಮ ಕಡೆಯ ಹೆಂಗಸರ ಕುಪ್ಪಸಕ್ಕೆ ಜೇಬು ಇರುತ್ತದೆಯೇ ಎಂದು ನಿಮ್ಮ ಮನೆಯಲ್ಲಿ ಯಾರನ್ನಾದರೂ ಕೇಳಿದ್ದರೆ ಸಾಕಿತ್ತು. ಇಳಕಲ್ ಸೀರೆಯುಟ್ಟವಳಿಗೆ ಬೆಲೆಬಾಳುವ ಸಾಮಾನು ಇಡಲಿಕ್ಕೆ ಇರುವ ಜಾಗ ಸೊಂಟದ ಚಂಚಿ ಒಂದೇ. ಅವರು ಮಷೀನನ್ನು ತಾತ್ಸಾರ ಮಾಡಿ ಅಲ್ಲಿಡಲಿಲ್ಲ, ತಮ್ಮಲ್ಲಿದ್ದ ಅತಿ ಭದ್ರವಾದ ಜಾಗದಲ್ಲಿ ಇಟ್ಟರು. ಒಂದು ಗೇಣು ಬಟ್ಟೆಯ ಕೊರಳಚೀಲ ಹೊಲಿಸಿ ಕೊಡುವ ಬುದ್ಧಿಯಿಲ್ಲದ ನಿಮ್ಮ ಇಲಾಖೆ, ನಾಗರಿಕತೆಯ ಪಾಠ ಹೇಳಲು ಹೊರಟದ್ದು ನೋಡಿ ನಾನು ಅಂದೇ ಹಲ್ಲು ಕಚ್ಚಿದ್ದೆ.

ಈಗ ನಿಮ್ಮ ಕಿಟಕಿಗೆ ಬರೋಣ. ಬೆಳಿಗ್ಗೆ ಎಲ್ಲರೂ ಮಷೀನು ಬಿಚ್ಚಿ, ಚೀಟಿ ಕಟ್ಟಿ, ಒಳಗೆ ಕೊಡಬೇಕು. ಆಮೇಲೆ ಕಟ್ಟೆಯ ಮೇಲೆ ಕೂಡಬೇಕು. ‘ಫಲಾನುಭವಿಗಳಿಗೆ ಮಾತ್ರ’ ಎಂಬ ಬೋರ್ಡು ಇರುವುದರಿಂದ ಗಂಡನಾಗಲಿ ಮಗನಾಗಲಿ ಗೇಟಿನ ಹೊರಗೆ ನಿಲ್ಲಬೇಕು. ಅಂದರೆ ಕಿವಿ ಕೇಳುವವರೆಲ್ಲ ಹೊರಗೆ, ಕೇಳದವರೆಲ್ಲ ಒಳಗೆ, ಕೇಳಿಸುವ ಮಷೀನುಗಳು ಅದಕ್ಕಿಂತ ಒಳಗೆ. ಈ ಏರ್ಪಾಡು ಪೂರ್ತಿಯಾದ ಮೇಲೆ ನಿಮ್ಮ ಗುಮಾಸ್ತ ತಂತಿ ಜಾಲರಿಯ ಹಿಂದೆ ಕತ್ತಲಲ್ಲಿ ಕೂತು, ತಲೆ ಎತ್ತದೆ, ಹೆಸರು ಕೂಗುತ್ತಾನೆ. ತುಟಿ ನೋಡಿ ತಿಳಿದುಕೊಳ್ಳೋಣವೆಂದರೆ ತುಟಿ ಕಾಣುವುದಿಲ್ಲ. ಮೂರು ಸಲ ಕೂಗಿದರೆ ಮುಗಿಯಿತು, ಗೈರುಹಾಜರು. ಇಂಥದ್ದನ್ನು ಕುಡಿದವನು ಕೂಡ ಯೋಚಿಸಿ ಮಾಡಲಾರ. ಇದಕ್ಕೆ ಸಹಿ, ಶಿಕ್ಕೆ, ಹೊರಹೋಗುವ ನಂಬರು ಎಲ್ಲ ಬೇಕಾಗುತ್ತದೆ.

ಪರಮೇಶಪ್ಪ ಚೈತ್ರದಲ್ಲಿ ಆ ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆಯೇ ಕೂತಿದ್ದ. ಗುಮಾಸ್ತನ ಉಗುಳು ಅವನ ರುಮಾಲಿನ ಮೇಲೆ ಬೀಳುವಷ್ಟು ಹತ್ತಿರ. ಅವನ ಹೆಸರು ಕೂಗಿದರು, ನಾನು ಗೇಟಿನಾಚೆಯಿಂದ ಕೇಳಿ ಕೈ ಬೀಸಿದೆ, ಅವನು ಅತ್ತ ಮುಖ ಮಾಡಿ ಬೀಡಿ ಸೇದುತ್ತಿದ್ದ. ಸಂಜೆ ಅವನ ಮಷೀನನ್ನು ‘ಗೈರುಹಾಜರಿಯಿಂದ ತಪಾಸಣೆ ಆಗಿಲ್ಲ’ ಎಂಬ ಚೀಟಿಯೊಂದಿಗೆ ಅವನ ಕೈಗೇ ಕೊಟ್ಟರು. ಬಂದೇ ಇಲ್ಲದವನ ಕೈಗೆ! ವೈಶಾಖದಲ್ಲೂ ಅದೇ, ಜ್ಯೇಷ್ಠದಲ್ಲೂ ಅದೇ. ಶಿವಬಸವ್ವನೂ ಒಮ್ಮೆ ಹಾಗೆಯೇ ಗೈರುಹಾಜರಾದಳು.

ಆಗ ದಾವಲಬಿ ಒಂದು ಉಪಾಯ ಮಾಡಿದಳು. ಆಷಾಢದ ಆ ಸೋಮವಾರ ಗೇಟಿನ ಬಳಿ ನಿಂತು, ಮನೆಯವರನ್ನು ಕೇಳಿ, ಎಲ್ಲರ ಹೆಸರೂ ಮುಖವೂ ಗುರುತು ಹಾಕಿಕೊಂಡಳು. ಮೋಸ ಮಾಡುವ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಹೆಸರು ಕರೆದಾಗ ಪಕ್ಕದವನಿಗೆ ಗೊತ್ತಾಗದಿದ್ದರೆ ತಿಳಿಸುವುದು ನಮ್ಮ ಕಡೆ ಮದುವೆಯ ಊಟದ ಪಂಕ್ತಿಯಲ್ಲೂ ಇರುವ ರೂಢಿ.

“ನಂಗ ಈ ಕಿವಿ ಸ್ವಲ್ಪ ಕೇಳಸ್ತೈತಿ ಅಣ್ಣಾರ. ನಾ ಕಿಟಕಿ ಮಗ್ಗಲಕ ಕುಂದರ್ತೇನಿ. ಯಾರ ಹೆಸರು ಬರ್ತೈತಿ ಅವರಿಗೆ ಮುಟ್ಟಸ್ತೇನಿ,” ಎಂದು ನನಗೆ ಹೇಳಿ ಒಳಗೆ ಹೋದಳು.

ಹೆಸರು ಕೂಗಿದಾಗ ದಾವಲಬಿ ಪಕ್ಕದವಳನ್ನು ಚಿವುಟಿ ಬೆರಳು ತೋರಿಸುವಳು, ಅವಳು ಮುಂದಿನವನ ಹೆಗಲು ತಟ್ಟುವಳು, ಹೀಗೆ ಕಟ್ಟೆಯುದ್ದಕ್ಕೂ ಹೋಗಿ ಯಾರ ಹೆಸರೋ ಅವರಿಗೆ ಮುಟ್ಟುವುದು. ಅವರು ಎದ್ದು ‘ಹಾಜರ್ರಿ’ ಅನ್ನುವರು. ಶಿಗ್ಗಾವಿಯವರು ಸವಣೂರಿನವರನ್ನು, ಸವಣೂರಿನವರು ಹಿರೇಕೆರೂರಿನವರನ್ನು ತಟ್ಟಿದರು. ಹೊಲಿಗೆ ಬಿಡದಂತೆ ನಡೆಯಿತು. ಪರಮೇಶಪ್ಪನ ಹೆಸರು ಬಂದಾಗ ಮೂರು ಜನ ಒಟ್ಟಿಗೆ ತಿವಿದರು, ಅವನು ಬೀಡಿ ಎಸೆದು ಜಿಗಿದೆದ್ದ. ಗೇಟಿನ ಹೊರಗೆ ನಾವು ಚಪ್ಪಾಳೆ ಹೊಡೆಯುವುದೊಂದು ಬಾಕಿ. ಅಂದು ನಿಮ್ಮ ಕಟ್ಟೆಯ ಮೇಲೆ ಒಬ್ಬರೂ ಗೈರುಹಾಜರಾಗಲಿಲ್ಲ. ಇನ್ನಾದರೂ ಒಳಗೆ ಕರೆದು, ಅರಗು ಒಡೆದು, ಸ್ಕ್ರೂ ತಿರುಗಿಸುತ್ತಾರೆ ಎಂದು ನಂಬಿದ ದಡ್ಡರು ನಾವು.

ಯಾರನ್ನೂ ಒಳಗೆ ಕರೆಯಲಿಲ್ಲ. ಮಷೀನುಗಳನ್ನೂ ಕೊಡಲಿಲ್ಲ. ತಾಲೂಕಿಗೆ ಕಳಿಸುತ್ತೇವೆ ಎಂದು ಸಿಪಾಯಿ ಗೇಟು ಹಾಕಿದ. ಶ್ರಾವಣದಲ್ಲಿ ಮಷೀನಿನ ಬದಲು ನಿಮ್ಮ ಆಜ್ಞೆ ಬಂತು. ಮೇಲ್ಕಂಡ ಫಲಾನುಭವಿಯು ಯಂತ್ರದ ನೆರವಿಲ್ಲದೆಯೇ ಕರೆಗೆ ಓಗೊಟ್ಟಿರುವುದರಿಂದ ಶ್ರವಣಶಕ್ತಿ ತೃಪ್ತಿಕರವೆಂದು ಪರಿಗಣಿಸಿ ಯಂತ್ರವನ್ನು ಹಿಂಪಡೆಯಲಾಗಿದೆ. ಪರಮೇಶಪ್ಪನಿಗೂ ಇದೇ, ದಾವಲಬಿಗೂ ಇದೇ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನೀವು ಕೊಟ್ಟದ್ದನ್ನೂ ಕಸಿದುಕೊಳ್ಳುವ ಪೂಜಾರಿ.

ಶಿವಬಸವ್ವನನ್ನು ಕರೆದುಕೊಂಡು ನಿಮ್ಮ ಕೋಣೆಗೇ ಬಂದೆ. ನಿಮಗೆ ನೆನಪಿರಲಾರದು, ಯಾಕೆಂದರೆ ನೀವು ತಲೆ ಎತ್ತಿ ನೋಡಲಿಲ್ಲ. ಯಂತ್ರವಿಲ್ಲದೆ ಹೆಸರು ಕೇಳಿಸಿದ ಮೇಲೆ ಯಂತ್ರ ಯಾಕೆ ಬೇಕು ಎಂದು ನೀವು ಕೇಳಿದಿರಿ.

“ಕೇಳಿಸಿಲ್ಲರಿ ಸಾಹೇಬ್ರ. ಮಗ್ಗಲದಾಕಿ ಚಿವುಟ್ಯಾಳ, ಅದಕ್ಕ ಎದ್ದಾಳ,” ಅಂದೆ.

“ಹಾಗಾದರೆ ತಪಾಸಣೆಯಲ್ಲಿ ಮೋಸ ಮಾಡಿದ್ದೀರಿ ಎಂದು ಬರೆದುಕೊಡುತ್ತೀರಾ?” ಅಂದಿರಿ.

ಎಂಥ ಮೇಧಾವಿ! ಕೇಳಿಸಿತು ಎಂದು ಒಪ್ಪಿದರೆ ಮಷೀನು ಇಲ್ಲ. ಕೇಳಿಸಲಿಲ್ಲ ಎಂದು ಒಪ್ಪಿದರೆ ಮೋಸಗಾರರು, ಆಗಲೂ ಮಷೀನು ಇಲ್ಲ. ನನ್ನ ಹೆಂಡತಿ ನಿಮ್ಮ ಮೇಜಿನಿಂದ ಎರಡು ಮಾರು ದೂರದಲ್ಲಿ, ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದಳು. ಈಗಲೇ ಹೆಸರು ಹಿಡಿದು ಕೂಗಿ ನೋಡಿ ಎಂದು ನಾನು ಬೇಡಿಕೊಂಡೆ. ತಪಾಸಣೆ ಮೊದಲ ಸೋಮವಾರ ಮಾತ್ರ ಎಂದು ನೀವು ಗಂಟೆ ಬಾರಿಸಿದಿರಿ. ಆ ಗಂಟೆಗೆ ಹೊರಗಿದ್ದ ಸಿಪಾಯಿ ಓಡಿ ಬಂದ. ಕೋಣೆಯೊಳಗೇ ಇದ್ದ ಶಿವಬಸವ್ವ ತಿರುಗಿ ಕೂಡ ನೋಡಲಿಲ್ಲ. ನಿಮಗೆ ಬೇಕಾದ ತಪಾಸಣೆ ಅಷ್ಟರಲ್ಲೇ ಮುಗಿದಿತ್ತು, ಸ್ವಾಮಿ. ನೀವು ಮುಖವೆತ್ತಿದ್ದರೆ ಸಾಕಿತ್ತು. ಹುಟ್ಟುಗಿವುಡಿಗೆ ಔಷಧಿ ಸಿಗಲಾರದು, ಸೂಜಿಯಿಂದ ಬಂದ ಕಿವುಡಿಗೆ ಮಷೀನು ಉಂಟು. ಈ ಜಾಣಕಿವುಡಿಗೆ ಏನಿದೆ? ಅದಕ್ಕೆ ಯಾವ ಸ್ಕ್ರೂ ತಿರುಗಿಸಬೇಕು?

ನಮ್ಮ ಮನೆ ಈಗ ಮತ್ತೆ ಮೊದಲಿನಂತಾಗಿದೆ. ಮಷೀನು ಇದ್ದಾಗ, ಅರಗಿನ ಮುದ್ರೆಯ ಕೆಳಗೂ, ಒಲೆಯ ಮುಂದೆ ಹತ್ತಿರ ಕೂತು ನಿಧಾನವಾಗಿ ಆಡಿದ ಮಾತು ಅವಳಿಗೆ ಸಿಗುತ್ತಿತ್ತು. ಈಗ ಅದೂ ಇಲ್ಲ. ತಂಗಿಯ ಮನೆಗೆ ಹೋಗುವುದನ್ನು ಬಿಟ್ಟಿದ್ದಾಳೆ, ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕರೆ ಕೊಡ ಎತ್ತಿಕೊಂಡು ಬಂದುಬಿಡುತ್ತಾಳೆ. ನನಗೆ ಹೆದರಿಕೆ ಇರುವುದು ಒಂದೇ. ಬರಿದಾಗಿ ಬಿಟ್ಟರೆ ಕಿವಿ ಮರೆಯುತ್ತದೆ ಎಂದು ಡಾಕ್ಟರಬಾಯಿ ಹೇಳಿದ್ದರು. ನೀವು ಕಡತ ಹೊರಳಿಸುವ ಒಂದೊಂದು ತಿಂಗಳೂ ಅವಳು ನನ್ನ ದನಿಯನ್ನು ಅಷ್ಟಷ್ಟು ಮರೆಯುತ್ತಿದ್ದಾಳೆ. ಒಡೆದದ್ದೋ ಕೂಡಿದ್ದೋ, ಅದು ಅವಳ ಗಂಡನ ದನಿ. ಮಷೀನು ತಡವಾಗಿ ಸಿಕ್ಕಿ, ನಾನು ‘ಏಳು’ ಅಂದಾಗ ಅದು ಅವಳಿಗೆ ಬರೀ ಸಪ್ಪಳವಾಗಿ ಕೇಳಿಸಿದರೆ, ಆ ನಷ್ಟವನ್ನು ನೀವು ಯಾವ ಸುತ್ತೋಲೆಯಿಂದ ತುಂಬಿಕೊಡುತ್ತೀರಿ?

ಆದ್ದರಿಂದ ಕೇಳಿ. ಕೇಳಿಸದಿದ್ದರೆ ಓದಿಸಿಕೊಳ್ಳಿ. ಆಷಾಢದಲ್ಲಿ ಇಸಿದುಕೊಂಡ ಮಷೀನುಗಳಷ್ಟನ್ನೂ ದಸರೆಯೊಳಗೆ ಅವರವರ ಕೈಗೆ ಕೊಡಿ. ಕೊಡುವಾಗ ನೀವೇ ಶಿಗ್ಗಾವಿಯ ಸಂತೆಯ ದಿನ ಬನ್ನಿ, ಆ ಸ್ಕ್ರೂಡ್ರೈವರನ್ನೂ ಅದನ್ನು ಹಿಡಿಯಬಲ್ಲ ಒಬ್ಬರನ್ನೂ ಕರೆತನ್ನಿ. ಆ ಕಿವಿಯ ಒಡೆಯರ ಎದುರಿಗೆ, ಅವರ ಮುಖ ನೋಡುತ್ತ ಅರಗು ಒಡೆಯಿರಿ. ಆಮೇಲೆ ಮೂರು ತಿಂಗಳಿಗೊಮ್ಮೆಯಾದರೂ ಹಾಗೆಯೇ ಬರುತ್ತಿರಿ. ಕೊರಳಚೀಲದ ಚಿಂತೆ ನಿಮಗೆ ಬೇಡ, ದಾವಲಬಿಯ ಮನೆಯವರು ಈಗಾಗಲೇ ಹೊಲಿಯತೊಡಗಿದ್ದಾರೆ. ಇದು ನನ್ನ ಮೊದಲ ಕೂಗು ಎಂದು ತಿಳಿಯಿರಿ. ಎರಡನೆಯದನ್ನು ಮುಂದಿನ ತಪಾಸಣೆಯ ಸೋಮವಾರ ನಿಮ್ಮ ಕಿಟಕಿಯ ಕೆಳಗೆ ನಿಂತು ಕೂಗುತ್ತೇನೆ. ಒಡೆದಿದ್ದರೂ ಅದು ಪೇಟೆಯ ದನಿ, ಜಾಲರಿ ತಡೆಯಲಾರದು. ಮೂರನೆಯ ಕೂಗಿಗೂ ನೀವು ಓಗೊಡದಿದ್ದರೆ, ನಿಮ್ಮದೇ ನಿಯಮದ ಪ್ರಕಾರ, ಆ ಕುರ್ಚಿಯಲ್ಲಿ ಯಾರೂ ಇಲ್ಲ ಎಂದು ನಾಲ್ಕೂ ತಾಲೂಕಿನವರು ಸೇರಿ ಬರೆದುಕೊಳ್ಳುತ್ತೇವೆ.

ಈ ಪತ್ರ ಬರೆಯುವಾಗ ಶಿವಬಸವ್ವ ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಓದು ಬಾರದು. ಯಾರಿಗೆ ಎಂದು ಸನ್ನೆ ಮಾಡಿ ಕೇಳಿದಳು. ನಾನು ಮೇಜಿನ ಗಂಟೆ ಬಾರಿಸಿದಂತೆ ಮಾಡಿ ತೋರಿಸಿದೆ. ತಿಳಿಯಿತು. ಬಹಳ ದಿನದ ಮೇಲೆ ಬಾಯಿ ಬಿಟ್ಟು ಮಾತಾಡಿದಳು. ತನ್ನ ದನಿ ತನಗೆ ಕೇಳಿಸದ್ದರಿಂದ ಓಣಿಗೆಲ್ಲ ಕೇಳುವಷ್ಟು ಜೋರಾಗಿಯೇ ಅಂದಳು:

“ಹಂಗಾರ ಕಡೀಕ ನಮಸ್ಕಾರ ಹಾಕಬ್ಯಾಡ್ರಿ.”

ಹಾಕಿಲ್ಲ.

ಇಂತಿ,
ಇಡೀ ಪೇಟೆಗೆ ಕೇಳಿ, ತನ್ನ ಅಡುಗೆಮನೆಗೆ ಮಾತ್ರ ಕೇಳಿಸದ ದನಿಯವನು,
ಹೊಳಬಸಪ್ಪ
ಸವಾಲು ಕೂಗುವವ, ಹಾನಗಲ್ ಪೇಟೆ